ಯಂತ್ರಕ್ಕೆ ಪಾಠ ಹೇಳಿದ ಶಿಷ್ಯೆ



ಈ ಸಲ ನನ್ನ ಬಿ.ಎಡ್. ದಿನಗಳ ಬಗೆಗೆ ಬರೆಯಬೇಕೆಂದಿದ್ದೆ. ಆದರೆ 2025ರ ದೀಪಾವಳಿಯಿಂದೀಚೆಗೆ ಮನಸ್ಸಿನಲ್ಲಿ ಕೊರೆಯುತ್ತಿರುವ ಒಂದು ಸಂಗತಿಯನ್ನು ಹೇಳದೆ ಬೇರೇನನ್ನೂ ಬರೆಯಲಾರೆನೆಂದು ತೋರಿತು. ಇದು ನೆನಪೂ ಹೌದು, ಅಭಿಪ್ರಾಯವೂ ಹೌದು, ಒಂದು ಬಗೆಯ ತಪ್ಪೊಪ್ಪಿಗೆಯೂ ಹೌದು.

ಬಲಿಪಾಡ್ಯಮಿಯ ಸಂಜೆ ನನ್ನ ಹಳೆಯ ಶಿಷ್ಯೆಯೊಬ್ಬಳು ಮಗಳನ್ನು ಕರೆದುಕೊಂಡು ತಿಪಟೂರಿನ ನಮ್ಮ ಮನೆಗೆ ಬಂದಳು. 2003ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವಳು. ಕನ್ನಡ ಮಾಧ್ಯಮದಲ್ಲಿ ಓದಿದರೂ ಇಂಗ್ಲಿಷಿನಲ್ಲಿ ತರಗತಿಗೇ ಮೊದಲಿಗಳಾಗಿದ್ದಳು. ಕುಶಲ ವಿಚಾರಿಸಿದೆ. ಹದಿನೇಳು ವರ್ಷ ದುಡಿದ ಬೆಂಗಳೂರಿನ ಕಾಲ್ ಸೆಂಟರಿನ ಕೆಲಸ ಆಗಸ್ಟ್ ತಿಂಗಳಲ್ಲಿ ಹೋಯಿತೆಂದು ಹೇಳಿದಳು. ಹೆಸರು ಬರೆಯದಿದ್ದರೆ ಈ ವಿಷಯವನ್ನು ನಾಲ್ಕು ಜನರಿಗೆ ತಿಳಿಸಲು ಅವಳ ಅಡ್ಡಿಯಿಲ್ಲ. ಆದ್ದರಿಂದ ಅವಳನ್ನು ಶಿಷ್ಯೆಯೆಂದೇ ಕರೆಯುತ್ತೇನೆ.

ಕೆಲಸ ಹೋದದ್ದಕ್ಕಿಂತ ಹೋದ ರೀತಿ ನನ್ನನ್ನು ಹೆಚ್ಚು ಕಾಡಿತು. ಕೊನೆಯ ಎಂಟು ತಿಂಗಳು ಅವಳೂ ಅವಳ ತಂಡದವರೂ ಗ್ರಾಹಕರೊಡನೆ ಮಾತನಾಡುವುದನ್ನು ಕ್ರಮೇಣ ಕಡಿಮೆ ಮಾಡಿ, ಒಂದು ತಂತ್ರಾಂಶ ಗ್ರಾಹಕರಿಗೆ ಕೊಡುತ್ತಿದ್ದ ಉತ್ತರಗಳನ್ನು ಓದಿ ಸರಿ, ತಪ್ಪು ಎಂದು ಗುರುತು ಹಾಕುತ್ತಿದ್ದರಂತೆ. ತಪ್ಪಿದ್ದಲ್ಲಿ ಸರಿಯುತ್ತರವನ್ನು ತಾವೇ ಬರೆಯಬೇಕು. ಥೇಟ್ ನಾವು ಉತ್ತರಪತ್ರಿಕೆ ತಿದ್ದಿದಂತೆ. ತಿಂಗಳು ಕಳೆದಂತೆ ತಿದ್ದಬೇಕಾದ ತಪ್ಪುಗಳು ಕಡಿಮೆಯಾದವು. ಒಂದು ದಿನ ತಿದ್ದುವವರೂ ಬೇಡವಾದರು.

"ನಾನೇ ಕೂತು ಪಾಠ ಹೇಳಿಕೊಟ್ಟೆ ಸಾರ್. ನೀವೂ ಮೂವತ್ತಾರು ವರ್ಷ ಪಾಠ ಹೇಳಿದಿರಿ. ಮಕ್ಕಳು ಕಲಿತುಬಿಟ್ಟರು ಅಂತ ನಿಮ್ಮನ್ನು ಯಾರೂ ಕೆಲಸದಿಂದ ತೆಗೀಲಿಲ್ಲ," ಎಂದಳು. ನಗುತ್ತಲೇ ಹೇಳಿದಳು. ನನಗೆ ನಗಲಾಗಲಿಲ್ಲ.

ಏಕೆಂದರೆ ಅವಳನ್ನು ಆ ಕೆಲಸಕ್ಕೆ ಕಳುಹಿಸಿದವನು ನಾನೇ. 2008ರಲ್ಲಿ ಬಿ.ಎ. ಮುಗಿಸಿದಾಗ ಅವಳಿಗೆ ಈ ಅವಕಾಶ ಬಂತು. ತಂದೆ ಇಲ್ಲಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ರಾತ್ರಿ ಪಾಳಿ ಎಂದೊಡನೆ ಖಡಾಖಂಡಿತವಾಗಿ ಬೇಡವೆಂದರು. 2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬಳನ್ನು, ಕೆಲಸಕ್ಕೆ ಕರೆದೊಯ್ಯಲು ಬಂದ ವಾಹನದ ಚಾಲಕನೇ ಕೊಂದ ಸುದ್ದಿ ಆ ತಂದೆಯ ಮನಸ್ಸಿನಲ್ಲಿತ್ತು. ನಾನು ಅವರ ಮನೆಗೆ ಹೋಗಿ, ಒಂದು ಗಂಟೆ ಕುಳಿತು, ಒಪ್ಪಿಸಿ ಬಂದೆ. ಆಗ ನಾನಾಡಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ನಿಮ್ಮ ಲೆಕ್ಕದ ಕೆಲಸಕ್ಕೆ ಕಂಪ್ಯೂಟರ್ ಬಂದೀತು. ಆದರೆ ಮನುಷ್ಯನ ನಾಲಗೆಗೆ ಬದಲಿ ಯಂತ್ರ ಬರಲಾರದು. ಭಾಷೆಯೊಂದು ಕೈಯಲ್ಲಿದ್ದರೆ ಅನ್ನ ತಪ್ಪುವುದಿಲ್ಲ." ಮೇಷ್ಟರ ಮಾತೆಂದು ಅವರು ನಂಬಿದರು.

ಹಾಗೆ ಹೇಳುವ ಮೊದಲು ನಾನು ನನ್ನ ಅನುಭವವನ್ನೇ ನೆನಪಿಸಿಕೊಳ್ಳಬಹುದಿತ್ತು. 1984ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ದೂರದ ಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಕಾಯ್ದಿರಿಸಿ ಗಂಟೆಗಟ್ಟಲೆ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ವಿನಿಮಯ ಕೇಂದ್ರದಲ್ಲಿದ್ದ ಹೆಣ್ಣುಮಗಳೊಬ್ಬರಿಗೆ ನಮ್ಮೆಲ್ಲರ ಮನೆಯ ಸುಖದುಃಖ ಗೊತ್ತಿತ್ತು. ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ಆರ್ಡಿನರಿ ಹಣಕ್ಕೇ ಬೇಗನೆ ಸಂಪರ್ಕ ಕೊಡಿಸಿ, "ಈಗ ಹೇಗಿದ್ದಾರಂತೆ?" ಎಂದು ಆಮೇಲೆ ಕೇಳಿದ್ದರು. ನಿಯಮದ ಪ್ರಕಾರ ಎರಡೂ ತಪ್ಪೇ ಇರಬೇಕು. ಕೆಲವೇ ವರ್ಷಗಳಲ್ಲಿ ಸ್ವಯಂಚಾಲಿತ ವಿನಿಮಯ ಕೇಂದ್ರ ಬಂತು, ಬೀದಿಗೊಂದು ಎಸ್.ಟಿ.ಡಿ. ಬೂತು ಬಂತು. ಅದೇನೂ ಹೊಸ ಕಲ್ಪನೆಯಲ್ಲ. ಅಮೆರಿಕೆಯಲ್ಲಿ ಸ್ಟ್ರೋಜರ್ ಎಂಬಾತ ಸ್ವಯಂಚಾಲಿತ ವಿನಿಮಯ ಯಂತ್ರಕ್ಕೆ ಹಕ್ಕುಸ್ವಾಮ್ಯ ಪಡೆದದ್ದು 1891ರಲ್ಲಿ. ನಮ್ಮ ದೇಶದಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ಮೊದಲ ಎಸ್.ಟಿ.ಡಿ. ಸಂಪರ್ಕ ಬಂದದ್ದು 1960ರಲ್ಲಿ. ಅಂದರೆ ಬರಲಿರುವುದು ಏನೆಂಬುದು ಬಹಳ ಹಿಂದೆಯೇ ತಿಳಿದಿತ್ತು. ನಮ್ಮೂರಿನ ಆ ಹೆಣ್ಣುಮಗಳು ಬಿಲ್ ಕಟ್ಟಿಸಿಕೊಳ್ಳುವ ಕಿಟಕಿಗೆ ಹೋದರು. ಅಲ್ಲಿಂದಲೇ ನಿವೃತ್ತರಾಗಿ ಪಿಂಚಣಿ ಪಡೆದರು. ಯಂತ್ರ ಬಂತು, ಆದರೆ ಮನುಷ್ಯರನ್ನು ಬೀದಿಗೆ ಹಾಕಲಿಲ್ಲ. ಈ ಅಂಶವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಲ್ ಸೆಂಟರುಗಳು ನಮ್ಮ ದೇಶಕ್ಕೆ ಬಂದ ಬಗೆಯನ್ನು ಕಿರಿಯರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. 1997ರಲ್ಲಿ ಜಿ.ಇ. ಕಂಪನಿಯು ಗುರುಗ್ರಾಮದಲ್ಲಿ ಇಂಥ ಕೆಲಸಗಳಿಗಾಗಿ ಕೇಂದ್ರವೊಂದನ್ನು ಆರಂಭಿಸಿತು. ಸಮುದ್ರದಡಿಯ ಕೇಬಲ್ಲುಗಳಿಂದ ದೂರದ ಮಾತು ಅಗ್ಗವಾಯಿತು. 2000ದಲ್ಲಿ ಬೆಂಗಳೂರಿನಲ್ಲಿ 24/7 ಕಸ್ಟಮರ್ ಎಂಬ ಸಂಸ್ಥೆ ಹುಟ್ಟಿತು. ಆ ಹೊತ್ತಿಗೆ ಇಂಥ ಹಲವು ಸಂಸ್ಥೆಗಳು ತಲೆಯೆತ್ತಿದವು. ಹೆಂಗಸರು ರಾತ್ರಿ ದುಡಿಯಬಾರದೆಂಬ ನಿಯಮಕ್ಕೆ ನಮ್ಮ ರಾಜ್ಯದಲ್ಲಿ 2002ರ ತಿದ್ದುಪಡಿಯಿಂದ ಮಾಹಿತಿ ತಂತ್ರಜ್ಞಾನ ಮತ್ತು ಅದರ ಸೇವಾ ಕ್ಷೇತ್ರಗಳಿಗೆ ವಿನಾಯಿತಿ ದೊರೆಯಿತು. 2004ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಇದೇ ದೊಡ್ಡ ಚರ್ಚೆಯಾಯಿತು. ಕೆಲಸ ಕಳೆದುಕೊಂಡವರನ್ನು ಅಲ್ಲಿ 'ಬ್ಯಾಂಗಲೋರ್ಡ್' ಎಂದು ಕರೆಯುತ್ತಿದ್ದರು. ಆ ಪದವನ್ನು ನಾನು ತರಗತಿಯಲ್ಲಿ ಹೆಮ್ಮೆಯಿಂದ ಕಪ್ಪುಹಲಗೆಯ ಮೇಲೆ ಬರೆದಿದ್ದೆ. ನಾಮಪದ ಕ್ರಿಯಾಪದವಾಗುವುದಕ್ಕೆ ನಮ್ಮದೇ ಉದಾಹರಣೆ ಎಂದು! ಆ ಕ್ರಿಯಾಪದದ ಕರ್ಮ ಸ್ಥಾನದಲ್ಲಿ ಓಹಿಯೋದ ಯಾವುದೋ ಒಂದು ಸಂಸಾರವಿದೆಯೆಂದು ನನಗೆ ಅಂದು ಹೊಳೆಯಲಿಲ್ಲ. ಅಗ್ಗವೆಂಬ ಕಾರಣಕ್ಕೆ ಬಂದ ಕೆಲಸ, ಇನ್ನೂ ಅಗ್ಗವಾದುದು ಸಿಕ್ಕಾಗ ಹೊರಟುಹೋಗುತ್ತದೆ. ಮೊದಲು ಧ್ವನಿ ಆಧಾರಿತ ಕೆಲಸದ ದೊಡ್ಡ ಪಾಲು ಫಿಲಿಪ್ಪೀನ್ಸಿಗೆ ಹೋಯಿತು. ಈಗ ಅದು ಹೋಗುತ್ತಿರುವುದು ಯಾವ ದೇಶಕ್ಕೂ ಅಲ್ಲ.

ಇನ್ನು ಆ ಕೆಲಸದ ಸ್ವರೂಪ. ಶಿಷ್ಯೆಯು ಸೇರಿದ ಹೊಸದರಲ್ಲಿ ಆರು ವಾರಗಳ ತರಬೇತಿ ನಡೆಯಿತಂತೆ. ಅದರಲ್ಲಿ ಬಹುಭಾಗ ಮಾತೃಭಾಷೆಯ ಛಾಯೆಯನ್ನು ಅಳಿಸುವ ಅಭ್ಯಾಸ. 'ಸ್ಕೂಲ್' ಎನ್ನುವಲ್ಲಿ 'ಇಸ್ಕೂಲ್' ಬರಬಾರದು. ತುಟಿ ಸೇರಿಸುವ 'ವ' ಬೇರೆ, ಹಲ್ಲು ತಾಗಿಸುವ 'ವ' ಬೇರೆ. ನಾನು ಮೂರು ವರ್ಷ ಕಲಿಸಿದ ಇಂಗ್ಲಿಷನ್ನು ಅಲ್ಲಿ ಆರು ವಾರದಲ್ಲಿ ಉಜ್ಜಿ ತೊಳೆದರು. ಅವಳಿಗೊಂದು ವಿಲಾಯಿತಿ ಹೆಸರನ್ನೂ ಕೊಟ್ಟರು. ಹೇಳಬೇಕಾದ ವಾಕ್ಯಗಳನ್ನು ಮೊದಲೇ ಬರೆದಿಟ್ಟಿದ್ದರು. ಗ್ರಾಹಕ ಸಿಟ್ಟಾದರೆ ಈ ವಾಕ್ಯ, ಅತ್ತರೆ ಆ ವಾಕ್ಯ. ಒಂದು ಕರೆ ಇಷ್ಟೇ ನಿಮಿಷಕ್ಕೆ ಮುಗಿಯಬೇಕು. ಹೆಚ್ಚಾದರೆ ಅಂಕ ಕಳೆಯುತ್ತಾರೆ. ನೀರು ಕುಡಿಯಲು ಎದ್ದ ಕ್ಷಣಗಳೂ ಲೆಕ್ಕಕ್ಕೆ ಬರುತ್ತವೆ.

ಈಗ ನಿಧಾನವಾಗಿ ಯೋಚಿಸಿ. ಊರಿನ ಗುರುತಿಲ್ಲದ ಉಚ್ಚಾರಣೆ, ತನ್ನದಲ್ಲದ ಹೆಸರು, ಬರೆದಿಟ್ಟ ಮಾತು, ಅಳೆದಿಟ್ಟ ಹೊತ್ತು. ಇವೆಲ್ಲವೂ ಸೇರಿದರೆ ಏನಾಗುತ್ತದೆ? ಯಂತ್ರವಾಗುತ್ತದೆ. ಯಂತ್ರವು ಮನುಷ್ಯನಂತೆ ಮಾತನಾಡುವುದನ್ನು ಕಲಿಯುವ ಇಪ್ಪತ್ತು ವರ್ಷ ಮೊದಲೇ ನಾವು ಮನುಷ್ಯರಿಗೆ ಯಂತ್ರದಂತೆ ಮಾತನಾಡುವುದನ್ನು ಕಲಿಸಿದ್ದೆವು. ಅಸಲಿ ಯಂತ್ರ ಬಂದಾಗ ಕುರ್ಚಿ ಸಿದ್ಧವಾಗಿಯೇ ಇತ್ತು. ಉಚ್ಚಾರಣೆಯ ಗತಿಯನ್ನೇ ನೋಡಿ. 2025ರ ಆರಂಭದಲ್ಲಿ ಫ್ರಾನ್ಸ್ ಮೂಲದ ಟೆಲಿಪರ್ಫಾರ್ಮೆನ್ಸ್ ಸಂಸ್ಥೆಯು ಭಾರತದ ತನ್ನ ಸಿಬ್ಬಂದಿಯ ಉಚ್ಚಾರಣೆಯನ್ನು, ಅವರು ಮಾತನಾಡುತ್ತಿರುವಾಗಲೇ ಬದಲಿಸಿ ಆಚೆಯವರಿಗೆ ಕೇಳಿಸುವ ತಂತ್ರಾಂಶವನ್ನು ಬಳಸುತ್ತಿದೆಯೆಂದು ಸುದ್ದಿಯಾಯಿತು. ನನ್ನ ಶಿಷ್ಯೆಯು ಬೆವರು ಸುರಿಸಿ ಕಲಿತ ಆ 'ವ'ಕಾರ ಈಗ ಒಂದು ಗುಂಡಿಯ ಕೆಲಸ.

ಪ್ರತಿ ಕರೆಯ ಮೊದಲಲ್ಲಿ, ತರಬೇತಿಯ ಸಲುವಾಗಿ ಈ ಸಂಭಾಷಣೆಯನ್ನು ಮುದ್ರಿಸಿಕೊಳ್ಳಲಾಗುತ್ತದೆ ಎಂಬ ಮಾತೊಂದನ್ನು ನಾವೆಲ್ಲರೂ ಕೇಳಿದ್ದೇವೆ. ಯಾರ ತರಬೇತಿಯೆಂದು ನಾವು ಕೇಳಲಿಲ್ಲ. ಬ್ರಿನ್ಯೋಲ್ಫ್‌ಸನ್ ಮತ್ತು ಇತರ ಇಬ್ಬರು ಅರ್ಥಶಾಸ್ತ್ರಜ್ಞರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಗ್ರಾಹಕ ಸೇವೆಯ 5 ಸಾವಿರಕ್ಕೂ ಹೆಚ್ಚು ಸಿಬ್ಬಂದಿಯ ಕೆಲಸದ ಮಾಹಿತಿಯಿಂದ, ಏನು ಉತ್ತರಿಸಬೇಕೆಂದು ಸೂಚಿಸುವ ಕೃತಕ ಬುದ್ಧಿಮತ್ತೆಯ ನೆರವಿನ ಪರಿಣಾಮವನ್ನು ಅಳೆದು ನೋಡಿದರು. ಒಟ್ಟಾರೆ ಶೇಕಡಾ 14ರಷ್ಟು ಹೆಚ್ಚು ಕೆಲಸವಾಯಿತು. ಹೊಸಬರಲ್ಲಿ ಈ ಏರಿಕೆ ಶೇಕಡಾ 34. ನುರಿತವರಿಗೆ ಆದ ಪ್ರಯೋಜನ ಅತ್ಯಲ್ಪ. ಕಾರಣ ಸ್ಪಷ್ಟವಾಗಿದೆ. ಯಂತ್ರವು ಹಿಂದಿನ ಸಂಭಾಷಣೆಗಳಿಂದ ನುರಿತವರ ಜಾಣ್ಮೆಯನ್ನು ಕಲಿತು ಹೊಸಬರಿಗೆ ಹಂಚಿತು. ನುರಿತವರಿಗೆ ಅದು ಅವರದೇ ಮಾತನ್ನು ಮರಳಿ ಹೇಳಿತು ಅಷ್ಟೇ. ಏಕಲವ್ಯನ ಕಥೆಯಲ್ಲಿ ಗುರುದಕ್ಷಿಣೆಯಾಗಿ ಶಿಷ್ಯನ ಹೆಬ್ಬೆರಳು ಹೋಯಿತು. ಇಲ್ಲಿ ಪಾಠ ಹೇಳಿದವರ ಹೆಬ್ಬೆರಳೇ ಹೋಗುತ್ತಿದೆ.

ಕೆಲಸಗಳು ನಿಜಕ್ಕೂ ಹೋಗುತ್ತಿವೆಯೇ, ಇದು ಪತ್ರಿಕೆಯವರ ಗದ್ದಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಗೊತ್ತಿರುವುದನ್ನು ಹೇಳುತ್ತೇನೆ. ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್ 30ರಂದು. ಎಂಟು ತಿಂಗಳೂ ತುಂಬುವ ಮೊದಲು, 2023ರ ಜುಲೈಯಲ್ಲಿ, ಬೆಂಗಳೂರಿನ ದುಕಾನ್ ಎಂಬ ಕಂಪನಿಯ ಮುಖ್ಯಸ್ಥರು ಗ್ರಾಹಕ ಸೇವೆಯ ಶೇಕಡಾ 90ರಷ್ಟು ಸಿಬ್ಬಂದಿಯ ಬದಲು ಯಂತ್ರವನ್ನು ನಿಲ್ಲಿಸಿದ್ದಾಗಿ ಸಾರ್ವಜನಿಕವಾಗಿ ಬರೆದರು. ಸಮಸ್ಯೆ ಬಗೆಹರಿಯಲು ಬೇಕಾಗುತ್ತಿದ್ದ 2 ಗಂಟೆ 13 ನಿಮಿಷ 3 ನಿಮಿಷ 12 ಸೆಕೆಂಡಿಗೆ ಇಳಿಯಿತೆಂದರು. 2024ರ ಏಪ್ರಿಲ್‌ನಲ್ಲಿ ಟಿ.ಸಿ.ಎಸ್. ಸಂಸ್ಥೆಯ ಮುಖ್ಯಸ್ಥರಾದ ಕೃತಿವಾಸನ್ ಅವರು, ಸುಮಾರು ಒಂದು ವರ್ಷದಲ್ಲಿ ಕಾಲ್ ಸೆಂಟರುಗಳ ಅಗತ್ಯ ತೀರಾ ಕಡಿಮೆಯಾಗಬಹುದೆಂದು ಲಂಡನ್ನಿನ ಪತ್ರಿಕೆಯೊಂದಕ್ಕೆ ಹೇಳಿದರು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೇಲ್ಸ್‌ಫೋರ್ಸ್ ಕಂಪನಿಯ ಮುಖ್ಯಸ್ಥರು ತಮ್ಮ ಗ್ರಾಹಕ ಸೇವಾ ಸಿಬ್ಬಂದಿ 9 ಸಾವಿರದಿಂದ ಸುಮಾರು 5 ಸಾವಿರಕ್ಕೆ ಇಳಿದಿದೆಯೆಂದರು. ಇಂಗ್ಲಿಷಿಗೆ ಮಾತ್ರ ಈ ಗತಿ, ಕನ್ನಡದ ಕರೆಗಳು ಉಳಿದಾವೆಂದು ತಿಳಿಯುವುದೂ ಬೇಡ. ಬೆಂಗಳೂರಿನದೇ ಆದ ಸರ್ವಂ ಎಂಬ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಭಾರತದ 10 ಭಾಷೆಗಳಲ್ಲಿ ಮಾತನಾಡುವ ಯಾಂತ್ರಿಕ ಸಹಾಯಕರನ್ನು ನಿಮಿಷಕ್ಕೆ 1 ರೂಪಾಯಿಯಿಂದ ಮೊದಲಾಗುವ ದರದಲ್ಲಿ ಒದಗಿಸುವುದಾಗಿ ಪ್ರಕಟಿಸಿತು. ಬಸ್ ನಿಲ್ದಾಣದ ಕೆಂಪು ಪೆಟ್ಟಿಗೆಗೆ 1 ರೂಪಾಯಿ ನಾಣ್ಯ ಹಾಕಿ ನೀವು ಮನೆಗೆ ಫೋನು ಮಾಡುತ್ತಿದ್ದುದು ನೆನಪಿದೆಯೇ? ಈಗ ಅದೇ 1 ರೂಪಾಯಿಗೆ ಮಾತನಾಡುವವರೇ ದೊರೆಯುತ್ತಾರೆ.

ಆದರೆ ಚಿತ್ರದ ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. ಕೃತಿವಾಸನ್ ಅವರು ಹೇಳಿದ ಒಂದು ವರ್ಷ ಕಳೆದರೂ ಕಾಲ್ ಸೆಂಟರುಗಳು ಮಾಯವಾಗಿಲ್ಲ. ಸ್ವೀಡನ್ನಿನ ಕ್ಲಾರ್ನಾ ಎಂಬ ಹಣಕಾಸು ಸಂಸ್ಥೆ 2024ರ ಫೆಬ್ರವರಿಯಲ್ಲಿ, ತನ್ನ ಯಂತ್ರವು ಮೊದಲ ತಿಂಗಳಲ್ಲೇ 23 ಲಕ್ಷ ಸಂಭಾಷಣೆಗಳನ್ನು ನಡೆಸಿ 700 ಮಂದಿಯ ಕೆಲಸ ಮಾಡಿತೆಂದು ಹೆಮ್ಮೆಪಟ್ಟಿತ್ತು. 2025ರಲ್ಲಿ ಅದೇ ಸಂಸ್ಥೆಯ ಮುಖ್ಯಸ್ಥರು ಸೇವೆಯ ಗುಣಮಟ್ಟ ಕುಸಿಯಿತೆಂದು ಒಪ್ಪಿಕೊಂಡು ಮತ್ತೆ ಮನುಷ್ಯರನ್ನು ನೇಮಿಸಲು ಹೊರಟರು. ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕ್ 2025ರ ಜುಲೈಯಲ್ಲಿ ಧ್ವನಿಯಂತ್ರದ ಕಾರಣ ಕೊಟ್ಟು 45 ಮಂದಿಯ ಹುದ್ದೆ ತೆಗೆಯುವುದಾಗಿ ಹೇಳಿತು. ಕರೆಗಳು ಕಡಿಮೆಯಾಗುವ ಬದಲು ಹೆಚ್ಚುತ್ತಿವೆಯೆಂದು ನೌಕರರ ಸಂಘ ಪಟ್ಟುಹಿಡಿದು ನ್ಯಾಯಮಂಡಲಿಯ ಮುಂದೆ ಹೋಯಿತು. ಆಗಸ್ಟ್‌ನಲ್ಲಿ ಬ್ಯಾಂಕು ಕ್ಷಮೆ ಕೇಳಿ ನಿರ್ಧಾರವನ್ನು ಹಿಂದೆಗೆದುಕೊಂಡಿತು. ಅಲ್ಲಿ ಸಂಘವಿತ್ತು, ಕೇಳುವ ನ್ಯಾಯಮಂಡಲಿಯಿತ್ತು ಎಂಬುದನ್ನು ಗಮನಿಸಬೇಕು.

ಯಂತ್ರಕ್ಕೆ ಎಟುಕದ್ದು ಏನೆಂಬುದನ್ನು ನಾನು ಕಣ್ಣಾರೆ ಕಂಡೆ. ನನ್ನ ಸಹೋದ್ಯೋಗಿಯಾಗಿದ್ದವರೊಬ್ಬರು ಎರಡು ವರ್ಷದ ಹಿಂದೆ ತೀರಿಕೊಂಡರು. ಅವರ ಪತ್ನಿ ಬ್ಯಾಂಕೊಂದರ ಸಹಾಯವಾಣಿಗೆ ಕರೆ ಮಾಡುವಾಗ ನಾನು ಪಕ್ಕದಲ್ಲಿದ್ದೆ. ಇಂಪಾದ ಕನ್ನಡದಲ್ಲಿ ಯಂತ್ರ ಮಾತನಾಡಿತು. "ನನ್ನ ಯಜಮಾನರು ಹೋಗಿಬಿಟ್ಟರು, ಅವರ ಖಾತೆಗೆ ಏನು ಮಾಡಬೇಕು?" ಎಂದು ಆಕೆ ಕೇಳಿದರು. ಖಾತೆದಾರರ ಮೊಬೈಲಿಗೆ ಬಂದ ಸಂಖ್ಯೆಯನ್ನು ಹೇಳಿ ಎಂದಿತು ಯಂತ್ರ. ಆ ಮೊಬೈಲ್ ಸ್ಥಗಿತವಾಗಿ ತಿಂಗಳಾಗಿತ್ತು. "ಅವರು ಇಲ್ಲಪ್ಪ," ಎಂದರು. ಖಾತೆದಾರರು ಲಭ್ಯವಿರುವಾಗ ಮತ್ತೆ ಕರೆ ಮಾಡಿ ಎಂದಿತು. ಆಕೆ ಫೋನನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತರು. ಮರುದಿನ ಶಾಖೆಯ ಹುಡುಗನೊಬ್ಬ ಕುರ್ಚಿ ಕೊಟ್ಟು, ನೀರು ಕೊಟ್ಟು, ಹತ್ತು ನಿಮಿಷದಲ್ಲಿ ದಾರಿ ತೋರಿಸಿದ. "ಹೋಗಿಬಿಟ್ಟರು" ಎಂದರೆ ಎಲ್ಲಿಗೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಇಂಥದೇ ಒಂದು ಪ್ರಕರಣ ಕೆನಡಾದಲ್ಲಿ ತೀರ್ಮಾನವಾಗಿದೆ. ಅಜ್ಜಿ ತೀರಿಕೊಂಡಾಗ ಪ್ರಯಾಣ ಮಾಡಬೇಕಾಗಿದ್ದ ಒಬ್ಬರಿಗೆ ಏರ್ ಕೆನಡಾ ಸಂಸ್ಥೆಯ ಸಂವಾದಯಂತ್ರವು ರಿಯಾಯಿತಿಯ ಬಗೆಗೆ ತಪ್ಪು ಮಾಹಿತಿ ಕೊಟ್ಟಿತು. ಹಣ ಕೇಳಿದಾಗ ಸಂಸ್ಥೆಯು, ಆ ಯಂತ್ರ ಹೇಳಿದ್ದಕ್ಕೆ ತಾನು ಹೊಣೆಯಲ್ಲವೆಂಬಂತೆ ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಲಿಯು ಅದನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ನನ್ನ ಶಿಷ್ಯೆ ತಪ್ಪು ಹೇಳಿದ್ದರೆ ಅವಳ ಅಂಕ ಕಳೆಯುತ್ತಿದ್ದರು, ಸಂಬಳ ಕಡಿತವಾಗುತ್ತಿತ್ತು. ಯಂತ್ರ ತಪ್ಪು ಹೇಳಿದರೆ ಯಾರೂ ಹೊಣೆಯಲ್ಲವೆನ್ನುವುದು ಯಾವ ನ್ಯಾಯ?

ಆ ಕೆಲಸವೇನು ಸುಖದ್ದಾಗಿತ್ತೇ, ಹೋದರೆ ಹೋಗಲಿ ಬಿಡಿ ಎನ್ನುವವರಿದ್ದಾರೆ. ನನ್ನ ಭಾವಮೈದುನನೇ ಹೀಗೆಂದ. ನಿದ್ದೆಗೆಟ್ಟ ರಾತ್ರಿ, ಬೈಗುಳ, ಸುಳ್ಳು ಹೆಸರು, ಎಲ್ಲವೂ ನಿಜ. ಆದರೆ ಆ ಸಂಬಳದಿಂದ ಶಿಷ್ಯೆಯು ತಮ್ಮನನ್ನು ಎಂಜಿನಿಯರಿಂಗ್ ಓದಿಸಿದಳು. ತಂದೆಯ ಹೃದಯದ ಚಿಕಿತ್ಸೆಗೆ ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಕೆಂಗೇರಿಯ ಬಳಿ ಸಾಲ ಮಾಡಿ ಎರಡು ಕೋಣೆಯ ಮನೆ ಕೊಂಡಳು. ಆ ಸಾಲಕ್ಕೆ ಇನ್ನೂ ಒಂಬತ್ತು ವರ್ಷದ ಕಂತುಗಳಿವೆ. ಮೂವತ್ತೆಂಟರ ವಯಸ್ಸಿನಲ್ಲಿ ಅವಳನ್ನು ಹೊಸಬಳೆಂದು ಯಾರೂ ತೆಗೆದುಕೊಳ್ಳುವುದಿಲ್ಲ, ಅನುಭವಿಯೆಂದರೆ ಆ ಅನುಭವವೇ ಬೇಡವಾಗಿದೆ. ಸಣ್ಣ ಪಟ್ಟಣದ ಕನ್ನಡ ಮಾಧ್ಯಮದ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಪದವಿಯೊಂದರ ಬಲದಿಂದ ನಗರದ ನೌಕರಿಗೆ ಹತ್ತಲು ಇದ್ದ ಏಣಿಯ ಮೊದಲ ಮೆಟ್ಟಿಲು ಅದು. ಮೇಲಿನ ಮೆಟ್ಟಿಲುಗಳು ಹಾಗೆಯೇ ಇದ್ದು ಮೊದಲನೆಯದೇ ಮುರಿದರೆ, ನೆಲದ ಮೇಲಿರುವವರು ಹತ್ತುವುದೆಂತು?

ಹಾಗೆಂದು ಯಂತ್ರವೇ ಬೇಡವೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದವರು ಯಾರೂ ಗೆದ್ದಿಲ್ಲ. ನಡುರಾತ್ರಿಯಲ್ಲಿ ವಿದ್ಯುತ್ ಬಿಲ್ಲಿನ ಬಾಕಿ ತಿಳಿಯಲು ಒಬ್ಬ ಮನುಷ್ಯ ನಿದ್ದೆಗೆಡಬೇಕಾಗಿಲ್ಲ. ಆದರೆ ಯಂತ್ರ ಬರುವ ರೀತಿ ದೈವನಿಯಾಮಕವೇನಲ್ಲ. ಅದಕ್ಕೆ ನಮ್ಮ ದೇಶದಲ್ಲೇ ಉದಾಹರಣೆಯಿದೆ. ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವಾಗ ನೌಕರರ ಸಂಘಗಳು ಬಲವಾಗಿ ವಿರೋಧಿಸಿದವು. 1983ರಲ್ಲಿ ಬ್ಯಾಂಕುಗಳ ಒಕ್ಕೂಟಕ್ಕೂ ಸಂಘಗಳಿಗೂ ಯಾಂತ್ರೀಕರಣದ ಕುರಿತು ಒಪ್ಪಂದವಾಯಿತು. ಎಲ್ಲಿ, ಎಷ್ಟು ಯಂತ್ರಗಳು ಎಂಬುದು ಮಾತುಕತೆಯಿಂದ ತೀರ್ಮಾನವಾಯಿತು. ಮುಂದೆ 2000-01ರಲ್ಲಿ ಸರ್ಕಾರಿ ಬ್ಯಾಂಕುಗಳು ಸಿಬ್ಬಂದಿ ಕಡಿಮೆ ಮಾಡಬೇಕಾದಾಗ ಸ್ವಯಂನಿವೃತ್ತಿ ಯೋಜನೆ ತಂದವು. ಸುಮಾರು 1 ಲಕ್ಷ ನೌಕರರು ಹಣ ಪಡೆದು ಹೊರಬಂದರು. ನಮ್ಮ ಬಂಧುಗಳಲ್ಲೇ ಇಬ್ಬರು ಹಾಗೆ ಬಂದವರಿದ್ದಾರೆ. ಕಂಪ್ಯೂಟರೂ ಬಂತು, ಅವರ ಮಕ್ಕಳ ಓದೂ ನಿಲ್ಲಲಿಲ್ಲ.

ನನ್ನ ಶಿಷ್ಯೆಗೆ ಸಿಕ್ಕಿದ್ದೇನು? ರಾಜೀನಾಮೆ ಪತ್ರ ಬರೆದುಕೊಟ್ಟರೆ ಎರಡು ತಿಂಗಳ ಸಂಬಳ ಮತ್ತು ಒಳ್ಳೆಯ ಪ್ರಮಾಣಪತ್ರ. ಇಲ್ಲವಾದರೆ ಎರಡೂ ಇಲ್ಲ ಎಂದರು. ಅವಳು ಬರೆದುಕೊಟ್ಟಳು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ, ಕೆಲಸದಿಂದ ತೆಗೆಯುವಾಗ ಒಂದು ತಿಂಗಳ ಸೂಚನೆಯನ್ನೂ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನವನ್ನೂ ಕೊಡಬೇಕೆಂದಿತ್ತು. ಆದರೆ ತಾನೇ ರಾಜೀನಾಮೆ ಕೊಟ್ಟವರಿಗೆ ಅದು ಅನ್ವಯಿಸದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ, ತೆಗೆದುಹಾಕಲ್ಪಟ್ಟ ಪ್ರತಿ ಕಾರ್ಮಿಕನಿಗಾಗಿ ಮಾಲೀಕರು 15 ದಿನದ ವೇತನವನ್ನು ಮರುಕೌಶಲ ನಿಧಿಗೆ ಕೊಡಬೇಕೆಂಬ ಹೊಸ ನಿಯಮವಿದೆ. ಒಳ್ಳೆಯದೇ. ಆದರೆ ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18 ಸಾವಿರ ರೂಪಾಯಿಗಿಂತ ಹೆಚ್ಚು ಪಡೆಯುವವರು ಈ ಸಂಹಿತೆಯ ಲೆಕ್ಕದಲ್ಲಿ ಕಾರ್ಮಿಕರೇ ಅಲ್ಲ. ಹತ್ತು ಮಂದಿಯ ತಂಡಕ್ಕೆ ನಾಯಕಿಯೆಂದು ಕೊಟ್ಟ ಬಿರುದೇ ಇಂಥವರಿಗೆ ಉರುಳಾಗಬಹುದು. ಹದಿನೇಳು ವರ್ಷ ದುಡಿದವರಿಗೆ ಹೊಸ ವಿದ್ಯೆ ಕಲಿಯಲು 15 ದಿನದ ಸಂಬಳ ಸಾಕೇ ಎಂಬುದನ್ನು ಸಂಸಾರಸ್ಥರಾದ ನೀವೇ ಹೇಳಿ.

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಯಂತ್ರಕ್ಕೆ ಪಾಠ ಹೇಳುವುದು ಒಂದು ವಿಶೇಷವಾದ ಕೆಲಸ. ಅದಕ್ಕೆ ಎಂದಿನ ಸಂಬಳವಲ್ಲದೆ ಪ್ರತ್ಯೇಕವಾದ ಪ್ರತಿಫಲವಿರಬೇಕು. ತನ್ನ ಜಾಗಕ್ಕೇ ಬರಲಿರುವ ಯಂತ್ರವನ್ನು ತಿದ್ದುತ್ತಿದ್ದೇನೆಂಬುದು ತಿದ್ದುವವರಿಗೆ ಮೊದಲೇ ತಿಳಿದಿರಬೇಕು. ಉಳಿತಾಯದ ಒಂದು ಪಾಲು, ಅವರ ಜ್ಞಾನದಿಂದಲೇ ಆದ ಉಳಿತಾಯವಾದ್ದರಿಂದ, ಅವರಿಗೆ ಸಲ್ಲಬೇಕು. ಜೊತೆಗೆ, ಯಾವ ಸಹಾಯವಾಣಿಗೆ ಕರೆ ಮಾಡಿದರೂ ಬೇಕೆಂದಾಗ ಒಬ್ಬ ಮನುಷ್ಯ ದೊರೆಯುವಂತಿರಬೇಕು. ಸಾವು, ಕಾಯಿಲೆ, ವಂಚನೆ ಇಂಥ ಸಂದರ್ಭಗಳಲ್ಲಂತೂ ಅದು ಗ್ರಾಹಕರ ಹಕ್ಕಾಗಬೇಕು. ಹಾಗಾದರೆ ಉಳಿಯುವ ಕೆಲಸಗಳು ಕಡಿಮೆಯಾದರೂ ಹೆಚ್ಚು ಮರ್ಯಾದೆಯ ಕೆಲಸಗಳಾಗುತ್ತವೆ.

ಇನ್ನು ನನ್ನ ಪಾಲಿನ ತಪ್ಪು. ಭಾಷೆ ಅನ್ನ ಕೊಡುತ್ತದೆಂದು ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ನಾನು ಕಲಿಸಿದ್ದು ಭಾಷೆಯನ್ನೇ? 2007-08ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂತು. ಕಾಲ್ ಸೆಂಟರಿನ ನೌಕರಿಯೂ ಅದರ ಪರವಾಗಿ ನಾವಾಡುತ್ತಿದ್ದ ವಾದಗಳಲ್ಲೊಂದು. ನಾನೂ ಸಂತೋಷಪಟ್ಟೆ. ಆದರೆ ನಾನು ನಿಮಗೆ ಪ್ರಶ್ನೋತ್ತರಗಳನ್ನು ಬರೆಸಿದೆ, ಕಂಠಪಾಠ ಮಾಡಿಸಿದೆ. ಪುಸ್ತಕದ ಉತ್ತರಕ್ಕಿಂತ ಬೇರೆ ಬರೆದವರ ಅಂಕ ಕಳೆದೆ. ನಿಮ್ಮಲ್ಲಿ ಒಬ್ಬ ಹುಡುಗ "ಈ ಪ್ರಶ್ನೆಯೇ ಸರಿಯಿಲ್ಲ ಸಾರ್" ಎಂದಾಗ ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ಇದನ್ನು ಓದುತ್ತಿದ್ದರೆ ಕ್ಷಮಿಸಲಿ. ಬರೆದಿಟ್ಟ ಉತ್ತರವನ್ನು ತಪ್ಪಿಲ್ಲದೆ ಒಪ್ಪಿಸುವುದೇ ಜಾಣತನವೆಂದು ಹತ್ತು ವರ್ಷ ಶಾಲೆಯಲ್ಲಿ ಕಲಿಸಿದ ಮೇಲೆ, ಕಾಲ್ ಸೆಂಟರಿನ ಆರು ವಾರಗಳಿಗೆ ಹೆಚ್ಚೇನೂ ಕೆಲಸ ಉಳಿದಿರಲಿಲ್ಲ. ಒಪ್ಪಿಸುವ ವಿದ್ಯೆಯಲ್ಲಿ ಯಂತ್ರವನ್ನು ಯಾರೂ ಸೋಲಿಸಲಾರರು.

'ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ನಮ್ಮ ಗಾದೆಯನ್ನು ನಾನು ಎಷ್ಟೋ ಸಲ ವಿಸ್ತರಿಸಿ ಬರೆಯಿರೆಂದು ಕೊಟ್ಟಿದ್ದೇನೆ. ಮಾತು ಬಲ್ಲವನೆಂದರೆ ತಡವರಿಸದೆ ಮಾತನಾಡುವವನಲ್ಲ, ಎದುರಿನವನ ಮಾತು ಬಲ್ಲವನು ಎಂಬ ಅರ್ಥ ನನಗೆ ಹೊಳೆದದ್ದು ಈಗ. ಶಿಷ್ಯೆಯೇ ಒಂದು ಘಟನೆ ಹೇಳಿದಳು. ಒಂದು ರಾತ್ರಿ ಅಮೆರಿಕದ ಮುದುಕಿಯೊಬ್ಬಳು ಒಂದೇ ಬಿಲ್ಲಿನ ಬಗೆಗೆ ಮೂರನೆಯ ಸಲ ಕರೆ ಮಾಡಿದಳಂತೆ. ಬಿಲ್ಲು ಸರಿಯಾಗಿಯೇ ಇತ್ತು. ಆಕೆಗೆ ಬೇಕಾಗಿದ್ದುದು ಬಿಲ್ಲಲ್ಲ, ಒಂದು ಧ್ವನಿ ಎಂದು ಇವಳಿಗೆ ಅರಿವಾಗಿ, ನಿಗದಿತ ವೇಳೆ ಮೀರಿ ಇಪ್ಪತ್ತು ನಿಮಿಷ ಮಾತನಾಡಿದಳು. ಆ ವಾರ ಇವಳಿಗೆ ಅಂಕ ಕಡಿಮೆಯಾಯಿತು. ಹದಿನೇಳು ವರ್ಷಗಳಲ್ಲಿ ತನಗೆ ನೆನಪಿರುವ ಕರೆ ಅದೊಂದೇ ಎಂದಳು. ಯಾವುದಕ್ಕೆ ಬಹುಮಾನ ಕೊಡಬೇಕಿತ್ತೋ ಅದಕ್ಕೇ ಅಂಕ ಕಳೆದೆವು. ಶಾಲೆಯಲ್ಲಿ ನಾನು, ಅಲ್ಲಿ ಅವರು.

ಶಿಷ್ಯೆಯು ಈಗ ಬೆಂಗಳೂರಿನ ಸಣ್ಣ ಆಸ್ಪತ್ರೆಯೊಂದರಲ್ಲಿ ರೋಗಿಗಳನ್ನು ವಿಚಾರಿಸಿಕೊಳ್ಳುವ ಕೆಲಸಕ್ಕೆ ಸೇರಿದ್ದಾಳೆ. ಸಂಬಳ ಹಿಂದಿನದರ ಅರ್ಧಕ್ಕಿಂತಲೂ ಕಡಿಮೆ. ಮನೆಯ ಕಂತಿಗೆ ತಮ್ಮ ನೆರವಾಗುತ್ತಿದ್ದಾನೆ. ಸ್ವಂತ ಹೆಸರಿನಲ್ಲಿ, ಹಗಲಿನಲ್ಲಿ, ಕನ್ನಡದಲ್ಲಿ ಮಾತನಾಡುತ್ತೇನೆ ಸಾರ್ ಎಂದು ಮೊನ್ನೆ ಫೋನಿನಲ್ಲಿ ಹೇಳಿದಳು. ಅದನ್ನು ಸುಖಾಂತವೆಂದು ಬರೆದರೆ ನಾನು ಅವಳಿಗೆ ಅನ್ಯಾಯ ಮಾಡಿದಂತೆ.

ಅಂದು ಹೊರಡುವಾಗ ಅವಳ ಮಗಳು, ಐದನೆಯ ತರಗತಿಯ ಹುಡುಗಿ, "ತಾತ, ನಾನು ಏನು ಓದಿದರೆ ಒಳ್ಳೇದು?" ಎಂದು ಕೇಳಿದಳು. ಅವಳ ಅಜ್ಜನ ಮನೆಯಲ್ಲಿ ಕುಳಿತು ಭವಿಷ್ಯ ನುಡಿದ ಮೇಷ್ಟರು ಈ ಸಲ ಭವಿಷ್ಯ ನುಡಿಯಲಿಲ್ಲ. "ಏನಾದರೂ ಓದು, ಆದರೆ ಪ್ರಶ್ನೆ ಕೇಳುವುದನ್ನು ಬಿಡಬೇಡ," ಎಂದಷ್ಟೇ ಹೇಳಿದೆ.

ನಿಮ್ಮಲ್ಲಿ ಹಲವರು ಇಂದು ಇಂಥ ಕಂಪನಿಗಳಲ್ಲಿ ವ್ಯವಸ್ಥಾಪಕರ ಸ್ಥಾನದಲ್ಲಿದ್ದೀರಿ. ಇಬ್ಬರು ಇಂಥ ತಂತ್ರಾಂಶಗಳನ್ನೇ ರೂಪಿಸುತ್ತಿದ್ದೀರೆಂದೂ ನನಗೆ ಗೊತ್ತು. ನಿಮ್ಮನ್ನು ದೂರುವುದು ನನ್ನ ಉದ್ದೇಶವಲ್ಲ. ನಿಮ್ಮ ಏಳಿಗೆ ನನಗೆ ಹೆಮ್ಮೆಯೇ. ಆದರೆ ಮೇಷ್ಟರಾಗಿ ಒಂದು ಮನೆಗೆಲಸ ಕೊಡುತ್ತೇನೆ. ಮುಂದಿನ ಸಲ ನಿಮ್ಮ ಕೈಕೆಳಗಿನವರಿಗೆ ಯಂತ್ರದ ಉತ್ತರ ತಿದ್ದುವ ಕೆಲಸ ಹಂಚುವಾಗ, ಕೆಲಸ ಮುಗಿದ ಮೇಲೆ ಅವರ ಗತಿಯೇನೆಂದು ಒಂದು ಹಾಳೆಯ ಮೇಲೆ ಬರೆದು ನಿಮ್ಮ ಮೇಲಿನವರ ಸಹಿ ಕೇಳಿ. ಸಹಿ ಸಿಗದಿದ್ದರೆ ಏಕೆ ಸಿಗಲಿಲ್ಲವೆಂದು ನನಗೆ ಬರೆದು ತಿಳಿಸಿ. ಈ ಉತ್ತರಕ್ಕೆ ನಾನು ಅಂಕ ಕಳೆಯುವುದಿಲ್ಲ.

ಎಲ್ಲರಿಗೂ ಒಳ್ಳೆಯದಾಗಲಿ.

ಇಂತಿ ನಿಮ್ಮ ಹಳೆಯ ಇಂಗ್ಲಿಷ್ ಮೇಷ್ಟರು